ಸಭಾಭವನದಲ್ಲೊಂದು, ಹಂಚಿನ ಕಾರ್ಖಾನೆಯಲ್ಲೊಂದು

ನಮ್ಮೂರಿನಲ್ಲಿ ಹೇಳಿಕೊಳ್ಳುವಂಥದ್ದು ಏನೇ ನಡೆದರೂ ಎರಡು ಸಲ ನಡೆಯುತ್ತದೆ, ಎರಡು ಬೇರೆ ಬೇರೆ ಜಾಗಗಳಲ್ಲಿ. ಮದುವೆ, ನಾಮಕರಣ, ನಾಟಕ, ಸನ್ಮಾನ, ಎಲ್ಲವೂ ಹೀಗೇ. ಎರಡನ್ನೂ ತಾಳೆ ನೋಡಿ, ಯಾವುದು ವಾಸಿಯೋ ಅದನ್ನು ಉಳಿಸುವುದು ತಾಳೆಗಾರನಾದ ನನ್ನ ಕೆಲಸವಾಗಿತ್ತು. ಹಸಿರು ಶಾಯಿಯಲ್ಲಿ ನಾನು ಸಹಿ ಹಾಕಿದ ಗಳಿಗೆಗೆ ಇನ್ನೊಂದು ಅಳಿದುಹೋಗುತ್ತಿತ್ತು. ಅಳಿಯುವುದೆಂದರೆ ಕಾಗದದ ಮೇಲೆ ಮಾತ್ರವಲ್ಲ. ಅಲ್ಲಿ ತೆಗೆದ ಫೋಟೋ ಬೆಳ್ಳಗಾಗುತ್ತದೆ, ಉಳುಕಿದ ಕಾಲು ನೆಟ್ಟಗಾಗುತ್ತದೆ, ಭಾನುವಾರ ಹೋಳಿಗೆ ಉಂಡವರಿಗೆ ಸೋಮವಾರ ಏಕಾಏಕಿ ಹಸಿವು ಬಂದು ಬಡಿಯುತ್ತದೆ. ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ನಮ್ಮೂರಿನ ಹೋಟೆಲುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಹನ್ನೆರಡರೊಳಗೆ ತಾಳೆಗಾರ ಸಹಿ ಹಾಕದಿದ್ದರೆ ಎರಡೂ ಅಳಿಯುತ್ತವೆ. ಅಂಥದ್ದು ನನ್ನ ಕಾಲದಲ್ಲಿ ಒಮ್ಮೆಯೂ ಆಗಲಿಲ್ಲ.

ಅಳಿದದ್ದು ಊರಿನಲ್ಲಿ ಯಾರಿಗೂ ನೆನಪಿರುವುದಿಲ್ಲ, ತಾಳೆಗಾರನೊಬ್ಬನನ್ನು ಬಿಟ್ಟು. ಅವನು ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಮುನ್ಸಿಪಾಲಿಟಿ ಅಧ್ಯಕ್ಷರು ಒಂದು ಸನ್ಮಾನದಲ್ಲಿ ಹಾರಕ್ಕೆ ಕತ್ತು ಬಗ್ಗಿಸಿದಾಗ ಅವರ ಪಂಚೆ ಜಾರಿದ್ದು ನನಗೆ ಮಾತ್ರ ಗೊತ್ತು, ಅವರಿಗೇ ಗೊತ್ತಿಲ್ಲ. ಆದರೂ ನನ್ನನ್ನು ಕಂಡಾಗಲೆಲ್ಲ ಯಾಕೋ ಪಂಚೆಯ ಗಂಟು ಬಿಗಿ ಮಾಡಿಕೊಳ್ಳುತ್ತಿದ್ದರು. ಈಗ ನಾನು ನಿವೃತ್ತ, ನೀವು ಹೊರ ಊರಿನವರು, ಅದಕ್ಕೆ ಹೇಳುತ್ತಿದ್ದೇನೆ. ಇಲ್ಲಿಯ ಗಾಳಿಗೆ ಮಾತ್ರ ಹಾಕಬೇಡಿ.

ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದವನ ನಾಲಿಗೆ ಏನಾಗಬೇಕೋ ಅದೇ ಆಯಿತು. ‘ಚೆನ್ನಾಗಿದೆ’ ಎಂಬ ಮಾತು ನನ್ನ ಬಾಯಿಂದ ಹೊರಟುಹೋಯಿತು. ನನ್ನ ಹೆಂಡತಿ ಸರ್ವಮಂಗಳೆ “ಸಾರು ಹೇಗಿದೆ?” ಎಂದರೆ “ನಿನ್ನೆಯದಕ್ಕಿಂತ ವಾಸಿ” ಎನ್ನುತ್ತಿದ್ದೆ. ಅವಳು “ನಾಳೆ ಇವತ್ತಿಗಿಂತ ಕೆಟ್ಟದಾಗಿರತ್ತೆ, ತಯಾರಾಗಿರಿ” ಎಂದು ಸೌಟು ಕುಟ್ಟಿ ಒಳಗೆ ಹೋಗುತ್ತಿದ್ದಳು. ಅವಳಿಗೆ ನಗಲು ಬರುತ್ತಿತ್ತು. ನಮ್ಮ ಮಗ ಚಿದಂಬರನಿಗೆ ಬರುತ್ತಿರಲಿಲ್ಲ.

ಚಿದಂಬರ ‘ತಗಡು ಚಪ್ಪರ’ ಎಂಬ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾನೆ. ನಾಲ್ಕು ಜನರ ಬ್ಯಾಂಡು. ಹಾಡುವವಳು ಹೊಲಿಗೆ ಅಂಗಡಿಯ ಫಿಲೋಮಿನಾ. ಅಂಗಡಿಯಲ್ಲಿ ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತೇ ಇರುವುದಿಲ್ಲ, ವೇದಿಕೆಯ ಮೇಲೆ ಅದಷ್ಟನ್ನೂ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾಳೆ. ಅವರ ಮೊಟ್ಟಮೊದಲ ಕಛೇರಿಯನ್ನೂ ನಾನೇ ತಾಳೆ ನೋಡಿದ್ದೆ. ತಾಳೆಗಾರನಿಗೂ ಮಕ್ಕಳಿರಬಹುದು ಎಂಬುದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಅಂದು ಮನೆಗೆ ಬಂದು ಊಟಕ್ಕೆ ಕೂತಾಗ ಚಿದಂಬರ ತಲೆ ತಗ್ಗಿಸಿಕೊಂಡು ಕೇಳಿದ: “ಅಪ್ಪಾ, ಚೆನ್ನಾಗಿತ್ತಾ?”

“ಇನ್ನೊಂದಕ್ಕಿಂತ ವಾಸಿ,” ಎಂದೆ.

ಅವನು ತಟ್ಟೆ ಸರಿಸಿ ಎದ್ದುಹೋದ. ಆಮೇಲೆ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಇದ್ದದ್ದು ಒಂದೇ ಸೂರಿನಡಿ, ಉಂಡದ್ದು ಒಂದೇ ಪಡಸಾಲೆಯಲ್ಲಿ. ನಡುವೆ ಸರ್ವಮಂಗಳೆ ಅಂಚೆ ಕಚೇರಿ. “ಅವನಿಗೆ ಉಪ್ಪು ಬೇಕಂತೆ” ಎನ್ನುವಳು, ನಾನು ಉಪ್ಪು ಸರಿಸುವೆ. “ನಿಮ್ಮಪ್ಪ ಫ್ಯಾನ್ ಆರಿಸು ಅಂತಿದಾರೆ” ಎನ್ನುವಳು, ಅವನು ಆರಿಸುವ. ಒಂದು ದಿನ ಅವಳಿಗೆ ಜ್ವರ ಬಂದು ಮಲಗಿದಾಗ ನಾವಿಬ್ಬರೂ ಉಪ್ಪಿಲ್ಲದ ಗಂಜಿ ಕುಡಿದು ಎದ್ದೆವು. ನಗಬೇಡಿ. ಮಗ ಎದುರಿಗೆ ಕೂತು ಗೋಡೆಯನ್ನು ನೋಡುತ್ತ ಉಣ್ಣುವುದಿದೆಯಲ್ಲ, ಅದು ಹೊಟ್ಟೆಗೆ ಕಲ್ಲು ಹಾಕಿಕೊಂಡಂತೆ ಇರುತ್ತದೆ.

ಹೀಗಿರುವಾಗ ತಗಡು ಚಪ್ಪರದ ದೊಡ್ಡ ಕಛೇರಿ ಗೊತ್ತಾಯಿತು. ಶನಿವಾರ ಸಂಜೆ ನಾಲ್ಕಕ್ಕೆ ಸಭಾಭವನದಲ್ಲಿ, ಭಾನುವಾರ ಅದೇ ಹೊತ್ತಿಗೆ ಹಳೆಯ ಹಂಚಿನ ಕಾರ್ಖಾನೆಯ ಅಂಗಳದಲ್ಲಿ. ಎರಡನ್ನೂ ಟೇಪು ಮಾಡುತ್ತಾರಂತೆ, ಉಳಿದ ಟೇಪನ್ನು ಹೊರ ಊರುಗಳಿಗೆ ಕಳಿಸುತ್ತಾರಂತೆ, ಅದು ಕಿವಿಗೆ ಬಿದ್ದರೆ ಅಲ್ಲಿಂದ ಕರೆ ಬರುತ್ತದಂತೆ. ಇದನ್ನೆಲ್ಲ ನನಗೆ ಹೇಳಿದ್ದು ಸರ್ವಮಂಗಳೆ. “ನೆಟ್ಟಗೆ ಕೇಳಿಸಿಕೊಳ್ಳಿ. ಮಗ ಅಂತ ಬಿಗಿ ಮಾಡಬೇಡಿ, ಮಗ ಅಂತ ಸಡಿಲಾನೂ ಬಿಡಬೇಡಿ,” ಎಂದು ಡಬ್ಬಿಗೆ ನಾಲ್ಕು ಚಕ್ಕುಲಿ ಹಾಕಿಕೊಟ್ಟಳು.

ಶನಿವಾರದ ಕಛೇರಿಯ ಬಗ್ಗೆ ಹೇಳುವುದು ಸುಲಭ. ಸಭಾಭವನದಲ್ಲಿ ಮುನ್ನೂರು ಮೆತ್ತನೆಯ ಕುರ್ಚಿಗಳಿವೆ. ಗೋಡೆಗೆ ಮರದ ಹಲಗೆ ಹೊಡೆದಿದ್ದಾರೆ, ಕೆಮ್ಮಿದರೂ ಇಂಪಾಗಿ ಕೇಳುತ್ತದೆ. ಫಿಲೋಮಿನಾಳ ಗಂಟಲು ಅಂದು ಎಣ್ಣೆ ಹಾಕಿದ ಹೊಲಿಗೆ ಯಂತ್ರದಂತೆ ಓಡಿತು. ಮೂರನೆಯ ಹಾಡಿನ ನಡುವೆ ಉಳಿದ ಮೂವರೂ ಕೈ ಬಿಟ್ಟು ನಿಂತರು. ಚಿದಂಬರ ಒಬ್ಬನೇ ಉಳಿದ. ಈಗ ಗುಡುಗಿಸುತ್ತಾನೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಅವನು ಗುಡುಗಿಸಲಿಲ್ಲ. ಡ್ರಮ್ಮಿನ ಅಂಚಿನ ಮೇಲೆ ಕೋಲಿನ ತುದಿಯಿಂದ ಮೆಲ್ಲಗೆ, ಯಾರೋ ಬಾಗಿಲು ತಟ್ಟಲು ಹಿಂಜರಿಯುತ್ತಿರುವ ಹಾಗೆ ಶುರು ಮಾಡಿದ. ನಾಲ್ಕು ನಿಮಿಷ ಅದನ್ನೇ ಬೆಳೆಸಿದ. ಮುನ್ನೂರು ಜನ ಉಸಿರು ಹಿಡಿದು ಮುಂದಕ್ಕೆ ಬಾಗಿದರು. ಕೊನೆಗೆ ಅವನು ಎರಡೂ ಕೈ ಎತ್ತಿ ಹೊಡೆದಾಗ ಪಕ್ಕದ ಕುರ್ಚಿಯ ಅಧ್ಯಕ್ಷರು ಪಂಚೆ ಮರೆತು ಎದ್ದು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಇದು ಯಾವುದಕ್ಕಿಂತ ವಾಸಿ ಎಂದು ಯೋಚಿಸಲು ಮರೆತೆ.

ಭಾನುವಾರದ ಬಗ್ಗೆ ಹೇಳಲು ನನಗೇ ನಾಚಿಕೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯಿದೆ. ಹಂಚಿನ ಕಾರ್ಖಾನೆಯಲ್ಲಿ ನೆಲ ನಿಜಕ್ಕೂ ಡೊಂಕು. ಮಣ್ಣು ತೆಗೆದು ತೆಗೆದು ಅಂಗಳ ಹಳ್ಳದ ಕಡೆಗೆ ವಾಲಿದೆ. ಮೊದಲ ಹಾಡಿಗೇ ದೊಡ್ಡ ಡ್ರಮ್ಮು ಮೆಲ್ಲಗೆ ಜಾರಲು ಹೊರಟಿತು. ಚಿದಂಬರ ಕೂತ ಸ್ಟೂಲಿನ ಸಮೇತ ಅದರ ಹಿಂದೆಯೇ ಸರಿಯುತ್ತ ಬಾರಿಸಿದ. ಎರಡನೆಯ ಹಾಡಿಗೆ ಅದನ್ನು ಹಗ್ಗದಿಂದ ಚಿಮಣಿಗೆ ಕಟ್ಟಿದರು. ಮೂರನೆಯದಕ್ಕೆ ಮೈಕು ಕೀರಲು ದನಿಯಲ್ಲಿ ಕಿರುಚಿ, ಅದಕ್ಕೆ ಊರಿನ ನಾಯಿಗಳೆಲ್ಲ ಉತ್ತರ ಕೊಟ್ಟವು. ಕೆಂಪು ಧೂಳು ಎದ್ದು ಫಿಲೋಮಿನಾ ಪಲ್ಲವಿಗೆ ಒಂದರಂತೆ ಸೀನಿದಳು. ನಾಲ್ಕನೆಯ ಹಾಡಿನ ಅರ್ಧಕ್ಕೆ ಕರೆಂಟು ಹೋಯಿತು. ಗಿಟಾರಿನವನು ಇನ್ನೂ ಸ್ವಲ್ಪ ಹೊತ್ತು ಬೆರಳಾಡಿಸುತ್ತಲೇ ಇದ್ದ. ಬೀಡಿ ಹಚ್ಚಿಕೊಳ್ಳುವ ಸದ್ದು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು.

ಇನ್ನು ತಾಳೆ ನೋಡುವುದೇನಿದೆ? ಇದು ಅಳಿಯುವ ಕಛೇರಿ ಎಂದು ಅಲ್ಲಿದ್ದ ಎಂಟುನೂರು ಜನರಿಗೂ ಒಟ್ಟಿಗೇ ಗೊತ್ತಾಯಿತು. ಹಾಗೆ ಗೊತ್ತಾದ ಕೂಡಲೇ ನಮ್ಮೂರಿನವರು ಏನು ಮಾಡುತ್ತಾರೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಬಾಯಿ ಬಿಡುತ್ತಾರೆ. ವರ್ಷಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ಅಲ್ಲಿ ಕಕ್ಕುತ್ತಾರೆ. ನಾಳೆ ಮಧ್ಯಾಹ್ನಕ್ಕೆ ಆಡಿದವರಿಗೂ ನೆನಪಿಲ್ಲ, ಕೇಳಿದವರಿಗೂ ನೆನಪಿಲ್ಲ. ಸಕ್ಕರೆ ಕಾಯಿಲೆಯವರು ಜಿಲೇಬಿ ಗಾಡಿಗೆ ಮುಗಿಬಿದ್ದರು. ಒಬ್ಬ ಸೊಸೆ ಅತ್ತೆಯ ಎದುರು ನಿಂತು ಮೊದಲಿನಿಂದ ಶುರು ಮಾಡಿದಳು. ಅಂಚೆ ಕಚೇರಿಯ ಗುಮಾಸ್ತ ಶಂಭುಲಿಂಗ, ಹನ್ನೊಂದು ವರ್ಷದಿಂದ ಎದುರು ಮೇಜಿನಲ್ಲಿ ಕೂತ ಪೋಸ್ಟ್ ಮಾಸ್ಟರ್ ವಿಶಾಲಾಕ್ಷಿಯ ಬಳಿ ಹೋಗಿ, ಕೈ ಹಿಂದಕ್ಕೆ ಕಟ್ಟಿಕೊಂಡು, “ಮೇಡಂ, ನೀವು ಒಂದಿನ ರಜಾ ಹಾಕಿದ್ರೂ ನನಗೆ ಆಫೀಸು ಬೇಡ ಅನ್ಸತ್ತೆ” ಎಂದ. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

ನನ್ನ ಹತ್ತಿರ ಯಾರೂ ಬರುವುದಿಲ್ಲ, ನನಗೆ ನೆನಪಿರುತ್ತದಲ್ಲ. ಗುಂಪಿನ ನಡುವೆ ತಾಳೆಗಾರನ ಎತ್ತರದ ಕುರ್ಚಿಯಲ್ಲಿ ಡಬ್ಬಿ ಹಿಡಿದು ಕೂತಿದ್ದೆ. ಚಿದಂಬರ ವೇದಿಕೆಯಿಂದ ಇಳಿದು, ಹಗ್ಗ ದಾಟಿ, ನೇರವಾಗಿ ನನ್ನ ಕಡೆಗೆ ಬಂದ. ಮುಖದ ತುಂಬ ಕೆಂಪು ಧೂಳು. ಕುರ್ಚಿಯ ಕಾಲಿನ ಬಳಿ ಕೂತು, ಡಬ್ಬಿಗೆ ಕೈ ಹಾಕಿ ಚಕ್ಕುಲಿ ಮುರಿದ. ಒಂದಾದ ಮೇಲೆ ಒಂದು, ನಾಲ್ಕೂ ತಿಂದ.

“ಅಪ್ಪಾ,” ಎಂದ. ಎರಡು ವರ್ಷದ ಮೇಲೆ ಆ ಮಾತು. ನನ್ನ ಕಣ್ಣು ಮಂಜಾಯಿತು.

“ನಿನ್ನೆ ನಾನು ಒಬ್ಬನೇ ಬಾರಿಸ್ತಿದ್ದಾಗ ನಿನ್ನ ಕಾಲು ನೋಡ್ದೆ. ತಾಳ ಹಾಕ್ತಿತ್ತು. ನಿನಗೆ ಗೊತ್ತಿರ್ಲಿಲ್ಲ ಅನ್ಸತ್ತೆ.”

“ಗೊತ್ತಿರಲಿಲ್ಲ,” ಎಂದೆ.

“ಅದನ್ನ ನೋಡ್ಕೊಂಡೇ ಬಾರಿಸ್ದೆ. ನಾನು ಚಿಕ್ಕೋನಿದ್ದಾಗ ನೀನು ಸ್ನಾನಕ್ಕೆ ನೀರು ಕಾಯೋವರೆಗೂ ಹಂಡೆ ಮೇಲೆ ಬೆರಳಾಡಿಸ್ತಿದ್ದೆ. ನಾನು ಕಲ್ತಿದ್ದು ಅಲ್ಲಿಂದ. ಯಾರ ಹತ್ರಾನೂ ಹೇಳಿಲ್ಲ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಧೂಳೆಲ್ಲ ಕೆಸರಾಯಿತು. “ಇನ್ನೊಂದರ ಜೊತೆ ಹೋಲಿಸ್ದೆ ಒಂದೇ ಒಂದು ಸಲ ಚೆನ್ನಾಗಿದೆ ಅಂದಿದ್ರೆ ಸಾಕಾಗಿತ್ತು ಕಣಪ್ಪಾ. ಅಷ್ಟಕ್ಕೇ ಇಷ್ಟು ದಿನ ಕಾದೆ ನಾನು.”

ಆಗಲೇ ಹೇಳಬೇಕಿತ್ತು. ಆದರೆ ನಾಲಿಗೆ ತುಕ್ಕು ಹಿಡಿದ ಬೀಗ, ಕೀಲಿ ತಿರುಗಲಿಲ್ಲ. “ನೀರು ಕುಡಿ,” ಎಂದೆ. ಅವನು ನಕ್ಕುಬಿಟ್ಟ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ.

“ಇದನ್ನ ಅಳಿಸ್ತೀಯಲ್ಲ?” ಎಂದ ಏಳುತ್ತ. “ನಿನ್ನೇದು ಉಳಿಸು. ನಿನ್ನೆ ಬಾರಿಸಿದ ಹಾಗೆ ನಾನು ಇನ್ನೊಂದು ಸಲ ಬಾರಿಸಲಾರೆ. ಮತ್ತೆ... ನಾಳೆಯಿಂದ ನಾನು ಮೊದಲಿನ ಹಾಗೇ ಇರ್ತೀನಿ. ಬೇಜಾರು ಮಾಡ್ಕೋಬೇಡ.”

ಅಂಗಳದೊಳಗೆ ಆಡಿದ್ದು ಮಾತ್ರ ಅಳಿಯುತ್ತದೆ, ಗೇಟು ದಾಟಿ ಆಡಿದ ಮಾತು ಆಡಿದವನ ತಲೆಗೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಅಂದು ಗೇಟಿನ ಒಳಗೆ ಜನ ಜಾತ್ರೆಯಂತೆ ನಿಂತು ಕೊನೆಯ ಮಾತು ಮುಗಿಸಿಕೊಳ್ಳುತ್ತಿದ್ದರು. ಚಿದಂಬರ ಗೇಟಿನವರೆಗೆ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ಬಂದ. ಹೊಸ್ತಿಲ ಕಲ್ಲಿನ ಮೇಲೆ ಕೈ ತೆಗೆದು, ಬಾಯಿ ಮುಚ್ಚಿಕೊಂಡು, ಬೇರೆ ದಾರಿ ಹಿಡಿದ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮುನ್ಸಿಪಾಲಿಟಿಯ ತಾಳೆ ಕೋಣೆಯಲ್ಲಿ ಪುಸ್ತಕ ಬಿಚ್ಚಿ ಕೂತೆ. ಮುಚ್ಚುಮರೆ ಯಾಕೆ, ಮೋಸ ಮಾಡಲೇ ಕೂತೆ. ಕಾರ್ಖಾನೆಯ ಕಛೇರಿಯನ್ನು ಉಳಿಸಿದರೆ ನನ್ನ ಮಗ ನನಗೆ ಸಿಗುತ್ತಾನೆ. ಆಡಿದ ಮಾತು ಅವನಿಗೂ ನೆನಪಿರುತ್ತದೆ, ಇನ್ನು ಗೋಡೆ ನೋಡಿಕೊಂಡು ಉಣ್ಣಲಾರ. ಕಾರಣಗಳನ್ನು ಒರಟು ಕಾಗದದ ಮೇಲೆ ಬರೆದೆ. ಜನ ಹೆಚ್ಚಿದ್ದರು. ಬಯಲಿನ ಗಾಳಿ ಆರೋಗ್ಯಕರ. ನಾಯಿಗಳೂ ಭಾಗವಹಿಸಿದವು. ಡ್ರಮ್ಮು ಜಾರುತ್ತಿದ್ದರೂ ಕಲಾವಿದ ಹಿಂಬಾಲಿಸಿದ್ದು ನಿಷ್ಠೆಗೆ ಸಾಕ್ಷಿ. ಮನಸ್ಸಿದ್ದರೆ ಮಾರ್ಗ ಎನ್ನುತ್ತಾರೆ, ತಾಳೆಗಾರನಿಗೆ ಮನಸ್ಸಾದರೆ ಹೆದ್ದಾರಿಯೇ ಸಿಗುತ್ತದೆ.

ಹತ್ತು ಗಂಟೆಗೆ ಶಂಭುಲಿಂಗ ಬಂದ. ಮುಖ ಹಿಂಡಿದ ನಿಂಬೆಹಣ್ಣು. “ಸಾರ್, ಕಾರ್ಖಾನೇದು ಅಳಿಯತ್ತೆ ತಾನೆ? ಅಳಿಯೋದರಲ್ಲಿ ಡೌಟಿಲ್ಲ ತಾನೆ? ನಾನು ಒಂದು ಮಾತು ಆಡಿಬಿಟ್ಟಿದ್ದೀನಿ ಸಾರ್, ಉಳೀತು ಅಂದ್ರೆ ನಾನು ವರ್ಗ ಮಾಡಿಸ್ಕೊಂಡು ಹೋಗಬೇಕಾಗತ್ತೆ.” ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಹತ್ತೂವರೆಗೆ ಹಿಂದಿನ ಬಾಗಿಲಿನಿಂದ ವಿಶಾಲಾಕ್ಷಿ ಬಂದರು. ಮಲ್ಲಿಗೆ ಮುಡಿದಿದ್ದರು. ಕಿಟಕಿಯ ಕಡೆ ನೋಡುತ್ತ, “ನಿನ್ನೇದು ಅಷ್ಟೇನೂ ಕೆಟ್ಟದಾಗಿರಲಿಲ್ಲ ಅಲ್ವಾ? ಕರೆಂಟು ಹೋಗೋದು ಅವರ ತಪ್ಪೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಇಗೋ, ಇನ್ನೊಂದು ಕಾರಣ ಎಂದುಕೊಂಡೆ. ಪರೋಪಕಾರ.

ಹನ್ನೊಂದೂವರೆಗೆ ಲೇಖನಿಗೆ ಹಸಿರು ಶಾಯಿ ತುಂಬಿಸಿದೆ. ‘ಕಾರ್ಖಾನೆ’ ಎಂದು ಬರೆಯಬೇಕು, ಅಷ್ಟೇ. ಆಗ ನನ್ನ ಕಾಲು ಮೇಜಿನ ಕೆಳಗೆ ಸದ್ದು ಮಾಡುತ್ತಿರುವುದು ಕೇಳಿಸಿತು. ಆ ಬಾಗಿಲು ತಟ್ಟುವ ಸದ್ದು, ಶನಿವಾರದ್ದು. ಎರಡು ದಿನದಿಂದ ಅದು ನನ್ನೊಳಗೇ ಇತ್ತೆಂದು ಕಾಣುತ್ತದೆ. ನಾನು ‘ಕಾರ್ಖಾನೆ’ ಎಂದು ಬರೆದರೆ ಇದು ಅವನ ಕೈಯಿಂದಲೇ ಹೋಗುತ್ತದೆ. ತಾನು ಹಾಗೆ ಬಾರಿಸಿದ್ದು ಅವನಿಗೇ ಗೊತ್ತಾಗುವುದಿಲ್ಲ. ಹೊರ ಊರುಗಳಿಗೆ ನಾಯಿ ಊಳಿಡುವ ಟೇಪು ಹೋಗುತ್ತದೆ. ನಾನು ಸುಖವಾಗಿ ಅವನ ಭುಜದ ಮೇಲೆ ಕೈಯಿಟ್ಟುಕೊಂಡು ಉಣ್ಣುತ್ತೇನೆ. ಇಷ್ಟಕ್ಕೂ ಅವನು ನನ್ನ ಬಳಿ ಮನಸ್ಸು ಬಿಚ್ಚಿದ್ದು ನಾನು ಮೋಸ ಮಾಡುವುದಿಲ್ಲ ಎಂಬ ಒಂದೇ ನಂಬಿಕೆಯಿಂದ. ನನ್ನನ್ನು ಅವನು ಅಷ್ಟು ನಂಬಿದ್ದ. ಒರಟು ಕಾಗದವನ್ನು ಹರಿದು ಹಾಕಿದೆ.

ಪುಸ್ತಕದಲ್ಲಿ ‘ಉಳಿದದ್ದು: ಸಭಾಭವನ’ ಎಂದು ಬರೆದೆ. ಕೆಳಗೆ ‘ಕಾರಣ’ ಎಂಬ ಸಾಲಿದೆ. ಅಲ್ಲಿ ಇದಕ್ಕಿಂತ ಅದು ಹೀಗೆ, ಅದಕ್ಕಿಂತ ಇದು ಹಾಗೆ ಎಂದು ತೂಗಿ ಬರೆಯುವುದು ಕ್ರಮ. ನಾನು ಬರೆದೆ: ‘ಚೆನ್ನಾಗಿತ್ತು. ಡ್ರಮ್ ಬಾರಿಸಿದ ಹುಡುಗ ಬಹಳ ಚೆನ್ನಾಗಿ ಬಾರಿಸಿದ.’ ಕೈಗೆ ನಾಲಿಗೆಯಷ್ಟು ತುಕ್ಕು ಹಿಡಿದಿರಲಿಲ್ಲ.

ಹೆಡ್ ಗುಮಾಸ್ತರು ಇಣುಕಿ ನೋಡಿ, “ಸಾರ್, ಯಾವುದಕ್ಕಿಂತ ಚೆನ್ನಾಗಿ ಅಂತ ಹಾಕಲಿಲ್ಲವಲ್ಲ. ಆಡಿಟ್‌ನೋರು ಆಕ್ಷೇಪ ಎತ್ತುತಾರೆ,” ಎಂದರು.

“ಎತ್ತಲಿ,” ಎಂದು ಸಹಿ ಹಾಕಿದೆ.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಹೊರಗೆ ಬೆಂಚಿನಿಂದ ಶಂಭುಲಿಂಗ ಎದ್ದು, ತಾನು ಇಲ್ಲಿಗೆ ಯಾಕೆ ಬಂದೆ ಎಂದು ತಲೆ ಕೆರೆದುಕೊಳ್ಳುತ್ತ, ಹಗುರವಾಗಿ ಶಿಳ್ಳೆ ಹಾಕುತ್ತ ಅಂಚೆ ಕಚೇರಿಗೆ ನಡೆದ. ಅಲ್ಲಿ ವಿಶಾಲಾಕ್ಷಿ ತಲೆಗೆ ಕೈ ಇಟ್ಟುಕೊಂಡು, ಇವತ್ತು ಮಲ್ಲಿಗೆ ಯಾಕೆ ಮುಡಿದೆ ಎಂದು ಯೋಚಿಸುತ್ತಿರಬೇಕು. ಅವರಿಬ್ಬರಿಗೂ ನಾನು ಮಾಡಿದ್ದು ಅನ್ಯಾಯವೇ, ಅದು ನನಗೆ ಗೊತ್ತು. ಮನೆಗೆ ಹೊರಡಲು ಚೀಲ ಎತ್ತಿಕೊಂಡರೆ ಅದು ಭಾರವಾಗಿತ್ತು. ಡಬ್ಬಿ ತೆಗೆದು ನೋಡಿದೆ. ನಾಲ್ಕು ಚಕ್ಕುಲಿಗಳೂ ಮುರಿಯದೆ ಹಾಗೇ ಇದ್ದವು. ನಾನು ಡಬ್ಬಿ ಮುಚ್ಚಿ ಅಲ್ಲೇ ಕೂತು ಅತ್ತೆ. ಹೆಡ್ ಗುಮಾಸ್ತರು ಮರ್ಯಾದಸ್ಥರು, ಫೈಲು ನೋಡುತ್ತಿದ್ದರು.

ತೀರ್ಪಿನ ನಕಲನ್ನು ಮುನ್ಸಿಪಾಲಿಟಿಯ ಗೇಟಿನ ಹಲಗೆಗೆ ಅಂಟಿಸುತ್ತಾರೆ. ಒಂದು ಗಂಟೆಗೆ ನಾನು ಮನೆಯ ಜಗಲಿಯ ಮೇಲೆ ಚಪ್ಪಲಿ ಬಿಡುತ್ತಿದ್ದಾಗ ಚಿದಂಬರನ ಸೈಕಲ್ಲು ಬಂದು ಗೋಡೆಗೆ ಗುದ್ದಿ ನಿಂತಿತು. ಅವನ ಮುಖ ಕೆಂಪಾಗಿತ್ತು, ಈ ಸಲ ಧೂಳಿನಿಂದಲ್ಲ.

“ಅಮ್ಮಾ, ಹಲಗೆ ಮೇಲೆ ಹಾಗೆ ಯಾಕೆ ಬರೆದ್ರು ಅಂತ ಕೇಳು ಅವರನ್ನ,” ಎಂದ.

ಒಳಗಿನಿಂದ ಸರ್ವಮಂಗಳೆ, “ಅಂಚೆ ಕಚೇರಿಗೆ ಇವತ್ತು ರಜಾ. ನೀನೇ ಕೇಳ್ಕೋ,” ಎಂದಳು.

ಅವನು ಸ್ವಲ್ಪ ಹೊತ್ತು ಸೈಕಲ್ಲಿನ ಬೆಲ್ಲು ತಿರುಗಿಸುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿದ. “ಯಾಕೆ ಬರೆದೆ?”

“ಚೆನ್ನಾಗಿತ್ತು,” ಎಂದೆ. ಬಾಯಿಂದಲೇ ಬಂತು. ದನಿ ನನ್ನದಲ್ಲದ ಹಾಗೆ ಕೇಳಿಸಿತು.

“ಎರಡು ವರ್ಷ ಇಲ್ಲದ್ದು ಇವತ್ತು ಹೇಗೆ ಬಂತು? ನಿನ್ನೆ ಕಾರ್ಖಾನೇಲಿ ನಾನು ಏನಾದ್ರೂ ಹೇಳಿದ್ನಾ?”

“ಹೇಳುವ ಹಾಗಿಲ್ಲ.”

“ನಿನ್ನ ಹತ್ರ ಬಂದು ಅತ್ನಾ?”

“ಹೇಳುವ ಹಾಗಿಲ್ಲ ಚಿದೂ.”

ಅವನಿಗೆ ಅಷ್ಟೇ ಸಾಕಾಯಿತು. ಬೈಯಲು ಶುರು ಮಾಡಿದ. ಎದುರು ಮನೆಯವರು ಹೊರಗೆ ಬಂದು ನಿಂತರೂ ನಿಲ್ಲಿಸಲಿಲ್ಲ. “ನಾನು ಗೋಗರೆದ ಮೇಲೆ ಹೇಳೋ ಹೊಗಳಿಕೆ ನನಗ್ಯಾಕೆ? ತಗೊಂಡು ಹೋಗಿ ಹಲಗೆಗೆ ಅಂಟಿಸ್ಕೋ! ಮನೇಲಿ ಉಣ್ಣೋ ತಟ್ಟೆ ಎದುರಿಗಿದ್ದಾಗ ಬಾಯಿಗೇನಾಗಿತ್ತು ನಿನಗೆ? ನೀನು ಅಪ್ಪನಾ, ತಕ್ಕಡೀನಾ?” ಹಂಡೆಯ ಮಾತಿಲ್ಲ, ಕಾಲಿನ ತಾಳದ ಮಾತಿಲ್ಲ, ಭುಜದ ಮೇಲೆ ಕೈಯಿಲ್ಲ. ನಿನ್ನೆಯ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಶಾಲೆಯ ದಿನಗಳಿಂದ ಹಿಡಿದು ಒಂದೊಂದೇ ತೆಗೆದು ಮುಖಕ್ಕೆ ಎಸೆದ. ಸರ್ವಮಂಗಳೆ ಬಾಗಿಲಿಗೆ ಬಂದು, “ಒಳಗೆ ಬಂದು ಬೈಯೋ, ಅನ್ನ ಆರ್ತಿದೆ,” ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ನಾನು ಜಗಲಿಯ ಮೇಲೆ ಕೂತುಕೊಂಡೆ. ಇದು ಸನ್ಮಾನವಲ್ಲ, ಕಛೇರಿಯಲ್ಲ, ಮನೆಮುಂದಿನ ಜಗಳ. ಇಂಥದ್ದನ್ನು ನಮ್ಮೂರಿನಲ್ಲಿ ಎರಡನೆಯ ಸಲ ಯಾರೂ ಮಾಡುವುದಿಲ್ಲ, ಯಾರೂ ಅಳಿಸುವುದಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿಕೊಟ್ಟೆ. ಅವನು ಕೂತ, ಕೂತು ಮತ್ತೆ ಬೈದ. ನಾನು ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ನಾಳೆ ಇದು ಅವನಿಗೂ ನೆನಪಿರುತ್ತದೆ.